ಸುಮ್ನೆ ಈ ಕಮಾಂಡ್ ಹೊಡಿ, ಆಗುತ್ತೆ!

ಪ್ರತಿ ವರ್ಷ ಫಸ್ಟ್ ಇಯರ್‌ನವರು ಹೊಸ ಲ್ಯಾಪ್‌ಟಾಪ್ ಹಿಡ್ಕೊಂಡು ಕ್ಯಾಂಪಸ್‌ಗೆ ಬರ್ತಾರೆ. ಒಂದೆರಡು ತಿಂಗಳಲ್ಲಿ ಯಾವುದಾದ್ರೂ ಲ್ಯಾಬ್‌ಗೆ ಲಿನಕ್ಸ್ ಬೇಕಾಗುತ್ತೆ. ಆಗ ಕ್ಲಾಸ್ ಗ್ರೂಪ್‌ನಲ್ಲಿ ಸೀನಿಯರ್ ಕಳಿಸಿದ ಎಂಟು ಸಾಲಿನ ಮೆಸೇಜು ಓಡಾಡೋಕೆ ಶುರುವಾಗುತ್ತೆ. ಅದನ್ನ ಬರೆದವರು ಯಾರು, ಯಾವಾಗ, ಯಾವ ಮಶೀನಿಗೆ ಅಂತ ಯಾರಿಗೂ ಗೊತ್ತಿರಲ್ಲ. ಕೊನೇ ಸಾಲು ಮಾತ್ರ ಎಲ್ಲದರಲ್ಲೂ ಒಂದೇ: 'ಅಷ್ಟೇ, ಆಗುತ್ತೆ.'

ಕೆಲವರಿಗೆ ಆಗುತ್ತೆ. ಆಗದವರು ಏನ್ಮಾಡ್ತಾರೆ ನೋಡಿ. ಅವರು ಸೂಚನೆಯನ್ನ ಬೈಯಲ್ಲ, ತಮ್ಮನ್ನೇ ಬೈಕೊಳ್ತಾರೆ. 'ನಂಗೆ ಕಂಪ್ಯೂಟರ್ ತಲೆಗೆ ಹೋಗಲ್ಲ' ಅಂತ ತೀರ್ಮಾನ ಮಾಡಿಬಿಡ್ತಾರೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದವರಂತೂ ಇನ್ನೂ ಬೇಗ. ಎಜುಕೇಶನ್ ಲೋನ್‌ನಲ್ಲಿ ತಗೊಂಡ ಲ್ಯಾಪ್‌ಟಾಪ್, ಅದರಲ್ಲಿ ತಂಗಿ ಮದುವೆ ಫೋಟೋ, ಅಪ್ಪನ ಜಮೀನಿನ ಪಹಣಿ ಸ್ಕ್ಯಾನ್ ಎಲ್ಲಾ ಇರುತ್ತೆ. ಅದು ಹೋದರೆ ಮರುದಿನ ಇನ್ನೊಂದು ತರೋಕಾಗಲ್ಲ. ಹಾಗಾಗಿ ಇನ್ನೊಬ್ಬರ ಮಶೀನಿನ ಮೇಲೆ ಓಡೋ ಸೂಚನೆ ಬರೆಯೋದು ಒಂದು ಜವಾಬ್ದಾರಿಯ ಕೆಲಸ. ಅದನ್ನ ಸ್ಪಷ್ಟವಾಗಿ, ತಪ್ಪಿಲ್ಲದೆ, ಅದರಲ್ಲೂ ಕನ್ನಡದಲ್ಲಿ ಬರೆಯೋದು ಹೇಗೆ ಅಂತ ಈ ಸಲ ನೋಡೋಣ.

ಒಂದು ಸ್ಪೇಸ್ ಎಷ್ಟು ದುಬಾರಿ?

'ಇಷ್ಟೊಂದು ತಲೆಕೆಡಿಸ್ಕೋಬೇಕಾ' ಅನ್ನೋರಿಗೆ ಮೂರು ನಿಜ ಘಟನೆ ಹೇಳ್ತೀವಿ.

ಮೊದಲನೆಯದು 2011ರದ್ದು. ಲಿನಕ್ಸ್ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್‌ಗಳನ್ನ ನಿಭಾಯಿಸೋಕೆ ಬಂಬಲ್‌ಬೀ ಅನ್ನೋ ತಂತ್ರಾಂಶ ಇತ್ತು. ಅದರ ಇನ್‌ಸ್ಟಾಲ್ ಸ್ಕ್ರಿಪ್ಟ್‌ನಲ್ಲಿ ಒಂದು ಫೋಲ್ಡರ್ ಅಳಿಸೋ ಸಾಲು ಇತ್ತು. ಆ ಫೋಲ್ಡರಿನ ದಾರಿಯಲ್ಲಿ 'ಯುಎಸ್‌ಆರ್' ಆದ ಮೇಲೆ ಒಂದು ಸ್ಪೇಸ್ ಹೆಚ್ಚಿಗೆ ಬಿದ್ದಿತ್ತು. ಶೆಲ್ ಅದನ್ನ ಎರಡು ಬೇರೆ ಬೇರೆ ಜಾಗ ಅಂತ ಓದಿ, ಯುಎಸ್‌ಆರ್ ಫೋಲ್ಡರನ್ನೇ ಅಳಿಸೋಕೆ ಹೋಯ್ತು. ಅಂದ್ರೆ ವ್ಯವಸ್ಥೆಯ ಬಹುಪಾಲು ಪ್ರೋಗ್ರಾಂಗಳು ಇರೋ ಜಾಗ. ತಪ್ಪು ಬರೀ ಒಂದು ಸ್ಪೇಸ್.

ಎರಡನೆಯದು 2017ರ ಜನವರಿ 31ರದ್ದು. ಗಿಟ್‌ಲ್ಯಾಬ್ ಸಂಸ್ಥೆಯ ಇಂಜಿನಿಯರ್ ಒಬ್ಬರು ಬ್ಯಾಕಪ್ ಡೇಟಾಬೇಸ್ ಸರ್ವರ್‌ನಲ್ಲಿ ಇದ್ದೀನಿ ಅಂದುಕೊಂಡು ಡೇಟಾ ಫೋಲ್ಡರ್ ಅಳಿಸೋ ಕಮಾಂಡ್ ಕೊಟ್ಟರು. ಆದರೆ ಅವರು ಇದ್ದದ್ದು ಮುಖ್ಯ ಸರ್ವರ್‌ನಲ್ಲಿ. ತಕ್ಷಣ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ ಮಾತ್ರ. ಇದ್ದ ಬ್ಯಾಕಪ್ ವಿಧಾನಗಳಲ್ಲಿ ಹಲವು ಕೆಲಸ ಮಾಡ್ತಿರಲಿಲ್ಲ. ಕೊನೆಗೆ ಆರು ಗಂಟೆ ಹಳೆಯ ಪ್ರತಿಯಿಂದ ಡೇಟಾ ವಾಪಸ್ ತರಬೇಕಾಯ್ತು. ಕಮಾಂಡ್ ಸರಿಯಾಗೇ ಇತ್ತು, ಮಶೀನ್ ತಪ್ಪಾಗಿತ್ತು.

ಮೂರನೆಯದು 2021ರ ನವೆಂಬರ್‌ನದ್ದು. ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್‌ನಲ್ಲಿ ಸ್ಟೀಮ್ ಹಾಕ್ಕೊಳ್ಳೋಕೆ ಹೋದಾಗ, 'ಇದು ಅಪಾಯ, ಮುಂದುವರಿಬೇಕು ಅಂದ್ರೆ ಈ ವಾಕ್ಯ ಟೈಪ್ ಮಾಡು' ಅಂತ ಟರ್ಮಿನಲ್ ಕೇಳ್ತು. ಅವರು ಟೈಪ್ ಮಾಡಿದರು. ಡೆಸ್ಕ್‌ಟಾಪೇ ಹೊರಟುಹೋಯ್ತು. ಎಚ್ಚರಿಕೆ ಇತ್ತು, ಆದರೆ ಅಳಿಸಿಹೋಗೋ ಪ್ಯಾಕೇಜ್‌ಗಳ ಉದ್ದ ಪಟ್ಟಿಯ ನಡುವೆ ಅದರ ಅರ್ಥ ತಲುಪಲಿಲ್ಲ. ಆಮೇಲೆ ಆಪ್ಟ್ ತಂತ್ರಾಂಶವನ್ನೇ ಬದಲಾಯಿಸಿ, ಅಷ್ಟು ಸುಲಭಕ್ಕೆ ಹಾಗಾಗದಂತೆ ಮಾಡಿದರು.

ಮೂರರಲ್ಲೂ ಕೂತಿದ್ದೋರು ದಡ್ಡರಲ್ಲ. ಅನುಭವ ಇದ್ದೋರಿಗೇ ಹೀಗಾದ್ರೆ, ಮೊದಲ ಸಲ ಟರ್ಮಿನಲ್ ತೆರೆಯೋ ಹುಡುಗಿಗೆ ಬರೀ 'ಸುಮ್ನೆ ಹೊಡಿ' ಅಂದ್ರೆ ಹೇಗೆ?

ಓದೋರು ಓದೋಕೆ ಬಂದಿಲ್ಲ

ಐಬಿಎಂನ ಸಂಶೋಧನಾ ಕೇಂದ್ರದಲ್ಲಿದ್ದ ಜಾನ್ ಕ್ಯಾರಲ್ ಕಂಪ್ಯೂಟರ್ ಕಲಿಯೋರು ಕೈಪಿಡಿಗಳನ್ನ ಹೇಗೆ ಬಳಸ್ತಾರೆ ಅಂತ ವರ್ಷಗಟ್ಟಲೆ ಗಮನಿಸಿದರು. 1990ರಲ್ಲಿ ಬಂದ ಅವರ 'ದಿ ನ್ಯೂರ್ನ್‌ಬರ್ಗ್ ಫನಲ್' ಪುಸ್ತಕದ ಸಾರ ನಮಗೆಲ್ಲಾ ಗೊತ್ತಿರೋದೇ. ಜನ ಕೈಪಿಡಿಯನ್ನ ಕೂತು ಓದಲ್ಲ. ಅವರಿಗೆ ಒಂದು ಕೆಲಸ ಆಗಬೇಕು. ಮಧ್ಯದಿಂದ ಓದ್ತಾರೆ, ಹಾರಿಸ್ತಾರೆ, ತಪ್ಪು ಮಾಡ್ತಾರೆ. ಹಾಗಾಗಿ ಪೀಠಿಕೆ ಕಡಿಮೆ ಮಾಡಿ, ಬೇಗ ಕೆಲಸಕ್ಕೆ ಕರೆದೊಯ್ಯಬೇಕು. ಜೊತೆಗೆ ತಪ್ಪಾದಾಗ ಗುರುತಿಸಿ ವಾಪಸ್ ಬರೋ ದಾರಿಯನ್ನೂ ಕೊಡಬೇಕು.

ನಮ್ಮ ಹುಡುಗರು ಹಾಗೇ ಅಲ್ವಾ? ರೆಕಾರ್ಡ್ ಬುಕ್ ನಾಳೆ ಸಬ್ಮಿಟ್ ಮಾಡ್ಬೇಕು, ರಾತ್ರಿ ಹನ್ನೊಂದಕ್ಕೆ ಸಾಫ್ಟ್‌ವೇರ್ ಹಾಕ್ತಾ ಕೂತಿರ್ತಾರೆ. ಅವರಿಗೆ ಲಿನಕ್ಸ್ ಚರಿತ್ರೆ ಬೇಡ. ಮುಂದಿನ ಹೆಜ್ಜೆ ಯಾವುದು, ಸರಿಯಾಯ್ತು ಅಂತ ಹೇಗೆ ಗೊತ್ತಾಗುತ್ತೆ, ಆಗಲಿಲ್ಲ ಅಂದ್ರೆ ಏನು ಮಾಡೋದು - ಈ ಮೂರು ಸಾಕು.

ಹೆಜ್ಜೆ ಒಂದಕ್ಕೂ ಮುಂಚೆ

ಯಾವುದೇ ಸೂಚನೆಯ ತಲೆಯ ಮೇಲೆ ನಾಲ್ಕು ಸಾಲು ಇರಲೇಬೇಕು.

ಇದು ಏನು ಮಾಡುತ್ತೆ. 'ಪೈಥಾನ್ ಸೆಟಪ್' ಅಂದ್ರೆ ಸಾಲದು. 'ಇದು ಮುಗಿದಾಗ ನಿಮ್ಮ ಪ್ರಾಜೆಕ್ಟ್ ಫೋಲ್ಡರ್ ಒಳಗೆ ಪೈಥಾನ್ ಲೈಬ್ರರಿಗಳನ್ನ ಹಾಕೋಕೆ ಒಂದು ಬೇರೆ ಜಾಗ ತಯಾರಾಗಿರುತ್ತೆ' ಅನ್ನಿ.

ಯಾವ ಮಶೀನಿಗೆ, ಯಾವ ಆವೃತ್ತಿಗೆ. ಉಬುಂಟು ಆವೃತ್ತಿ ಸಂಖ್ಯೆಯಲ್ಲೇ ವರ್ಷ, ತಿಂಗಳು ಇರುತ್ತೆ. 24.04 ಅಂದ್ರೆ 2024ರ ಏಪ್ರಿಲ್. ಇದು ಯಾಕೆ ಮುಖ್ಯ ಅಂದ್ರೆ, ಹಳೇ ಮೆಸೇಜ್‌ಗಳಲ್ಲಿ ಪಿಪ್ ಬಳಸಿ ಲೈಬ್ರರಿಯನ್ನ ನೇರವಾಗಿ ವ್ಯವಸ್ಥೆಗೇ ಹಾಕಿ ಅಂತ ಇರುತ್ತೆ. ಉಬುಂಟು 23.04, ಡೆಬಿಯನ್ 12ರಿಂದ ಈಚೆಗೆ ಪಿಪ್ ಅದಕ್ಕೆ ಒಪ್ಪಲ್ಲ. 'ಈ ಪರಿಸರವನ್ನ ಬೇರೆಯವರು ನೋಡ್ಕೊಳ್ತಿದ್ದಾರೆ' ಅನ್ನೋ ಅರ್ಥದ ಎರರ್ ಕೊಟ್ಟು ನಿಲ್ಲುತ್ತೆ. ಸೂಚನೆ ಬರೆದಾಗ ಸರಿ ಇತ್ತು, ಲೋಕ ಮುಂದೆ ಹೋಯ್ತು. ಆವೃತ್ತಿ, ತಾರೀಖು ಬರೆದಿದ್ರೆ ಓದೋನಿಗೆ ಅದು ಮೊದಲೇ ಗೊತ್ತಾಗುತ್ತೆ.

ಏನೇನು ಬೇಕು. ಚಾರ್ಜರ್, ಇಂಟರ್ನೆಟ್, ಎಷ್ಟು ಜಿಬಿ ಖಾಲಿ ಜಾಗ, ಎಷ್ಟು ಹೊತ್ತು. ಹಾಸ್ಟೆಲ್ ವೈಫೈಯಲ್ಲಿ ದೊಡ್ಡ ಫೈಲ್ ಇಳಿಸಬೇಕು ಅಂದ್ರೆ ಇದು ಸಣ್ಣ ಮಾತಲ್ಲ.

ಏನು ಹೋಗಬಹುದು. ಎಲ್ಲಕ್ಕಿಂತ ಮುಖ್ಯವಾದ ಸಾಲು ಇದೇ, ಎಲ್ಲರೂ ಬಿಡೋ ಸಾಲೂ ಇದೇ. ಡ್ಯುಯಲ್ ಬೂಟ್ ಸೂಚನೆಗಳಲ್ಲಿ 'ಸೆಕ್ಯೂರ್ ಬೂಟ್ ಆಫ್ ಮಾಡಿ' ಅಂತ ಅರ್ಧ ಸಾಲು ಇರುತ್ತೆ. ಈಗಿನ ಎಷ್ಟೋ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಸೈನ್ ಇನ್ ಆದ ಮೇಲೆ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಿರುತ್ತೆ. ಸೆಕ್ಯೂರ್ ಬೂಟ್ ಬದಲಾಯಿಸಿದ ಮೇಲೆ ವಿಂಡೋಸ್ ಶುರು ಮಾಡಿದರೆ 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ಅಕೌಂಟ್‌ನಲ್ಲಿ ಇರುತ್ತೆ. ಆದರೆ ಆ ಅಕೌಂಟ್ ಅಂಗಡಿಯವರು ಲ್ಯಾಪ್‌ಟಾಪ್ ಕೊಡುವಾಗ ತಾವೇ ಮಾಡಿಕೊಟ್ಟದ್ದಾದ್ರೆ? ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದಿದ್ರೆ? ಕೀ ಸಿಗದೇ ಇದ್ರೆ ಆ ಡಿಸ್ಕಿನ ಡೇಟಾ ಸಿಗಲ್ಲ. ಹಾಗಾಗಿ ಮೊದಲ ಹೆಜ್ಜೆ ಸೆಕ್ಯೂರ್ ಬೂಟ್ ಅಲ್ಲ. 'ರಿಕವರಿ ಕೀ ಹುಡುಕಿ, ಕಾಗದದಲ್ಲಿ ಬರ್ಕೊಳ್ಳಿ. ಸಿಗಲಿಲ್ಲ ಅಂದ್ರೆ ಇಲ್ಲೇ ನಿಲ್ಲಿಸಿ' ಅನ್ನೋದೇ ಮೊದಲ ಹೆಜ್ಜೆ.

ಕನ್ನಡದ ಅನುಕೂಲ, ಕನ್ನಡದ ಬಲೆ

ಕನ್ನಡದಲ್ಲಿ ಸೂಚನೆ ಬರೆಯೋಕೆ ಒಂದು ಸಹಜ ಅನುಕೂಲ ಇದೆ. ಕ್ರಿಯಾಪದ ಕೊನೆಗೆ ಬರೋದ್ರಿಂದ ಷರತ್ತು ತಾನಾಗೇ ಮುಂದೆ ಬರುತ್ತೆ. 'ನಿಮ್ಮ ಬಳಿ ಒಂದೇ ಡಿಸ್ಕ್ ಇದ್ರೆ, ಈ ಹೆಜ್ಜೆ ಬಿಟ್ಟು ಮುಂದೆ ಹೋಗಿ.' ಓದೋನು ಕೈ ಹಾಕೋ ಮುಂಚೆ ಷರತ್ತು ಓದಿರ್ತಾನೆ. ಅದನ್ನ ಉಲ್ಟಾ ಮಾಡಿ 'ಮುಂದೆ ಹೋಗಿ, ಒಂದೇ ಡಿಸ್ಕ್ ಇದ್ದಲ್ಲಿ' ಅಂತ ಬರೀಬೇಡಿ.

ಬಲೆಗಳೂ ಇವೆ. ದೊಡ್ಡದು 'ಮಾಡಿ' ಅನ್ನೋ ಪದ. 'ನೀವು ಮಾಡಿ' ಅಂತ ಹೇಳೋದಕ್ಕೂ ಅದೇ, 'ಮಾಡಿ ಆದ ಮೇಲೆ' ಅನ್ನೋದಕ್ಕೂ ಅದೇ. 'ಫೈಲ್ ಸೇವ್ ಮಾಡಿ ಟರ್ಮಿನಲ್ ಕ್ಲೋಸ್ ಮಾಡಿ ರೀಸ್ಟಾರ್ಟ್ ಮಾಡಿ ಲಾಗಿನ್ ಆಗಿ ಚೆಕ್ ಮಾಡಿ' - ಇದು ರೈಲು ಬೋಗಿ ಥರ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಐದು ಕೆಲಸ. ಮೂರನೇದ್ರಲ್ಲಿ ಸಿಕ್ಕಿಹಾಕ್ಕೊಂಡೋನಿಗೆ ತಾನು ಎಲ್ಲಿದ್ದೀನಿ ಅಂತಾನೇ ಗೊತ್ತಾಗಲ್ಲ. ಒಂದು ಹೆಜ್ಜೆಗೆ ಒಂದೇ ಕೆಲಸ, ಒಂದು ಪೂರ್ಣವಿರಾಮ, ಒಂದು ಸಂಖ್ಯೆ.

ಎರಡನೇ ಬಲೆ 'ಲಾಗುತ್ತದೆ'. 'ಹಳೆಯ ಫೈಲುಗಳನ್ನು ಅಳಿಸಲಾಗುತ್ತದೆ.' ಯಾರು ಅಳಿಸ್ತಾರೆ? ನಾನಾ, ಕಂಪ್ಯೂಟರಾ? 'ಇನ್‌ಸ್ಟಾಲರ್ ಹಳೇ ಫೈಲುಗಳನ್ನ ಅಳಿಸುತ್ತೆ, ನೀವೇನೂ ಮಾಡ್ಬೇಕಿಲ್ಲ' ಅಂದ್ರೆ ಗೊಂದಲ ಮುಗೀತು.

ಮೂರನೇದು ಅನುವಾದದ ಉತ್ಸಾಹ. ಪರದೆ ಮೇಲೆ 'ಸೆಟ್ಟಿಂಗ್ಸ್' ಅಂತ ಇಂಗ್ಲಿಷಿನಲ್ಲಿ ಇದ್ರೆ, ನಮ್ಮ ಸೂಚನೆಯಲ್ಲಿ 'ಸಂಯೋಜನೆಗಳು' ಅಂತ ಬರೆದರೆ ಓದೋನು ಆ ಪದವನ್ನ ಪರದೆ ತುಂಬಾ ಹುಡುಕ್ತಾನೆ. ಕನ್ನಡ ಸಂಘದವರೇ ಹೀಗಂತೀರಾ ಅಂತ ಕೇಳಬಹುದು. ವಿವರಣೆ ಎಷ್ಟು ಬೇಕಾದ್ರೂ ಕನ್ನಡದಲ್ಲಿರಲಿ, ಬಟನ್ನಿನ ಹೆಸರು ಮಾತ್ರ ಪರದೆಯಲ್ಲಿ ಇರೋ ಹಾಗೇ ಇರಲಿ. ಬಳಸೋನ ಪರದೆಯೇ ಕನ್ನಡದಲ್ಲಿದ್ರೆ ಅಲ್ಲಿರೋ ಕನ್ನಡ ಪದವನ್ನೇ ಬಳಸಿ.

ನಾಲ್ಕನೇದು ಕಮಾಂಡ್‌ಗೆ ವಿಭಕ್ತಿ ಅಂಟಿಸೋದು. ಕಮಾಂಡ್‌ನ ಬಾಲಕ್ಕೆ 'ಅನ್ನು', 'ಇಂದ' ಸೇರಿಸಿದರೆ, ಹೊಸಬರಿಗೆ ಕಮಾಂಡ್ ಎಲ್ಲಿ ಮುಗೀತು ಅಂತ ಗೊತ್ತಾಗಲ್ಲ. ವಾಕ್ಯದ ಕೊನೆಯ ಚುಕ್ಕಿಯನ್ನೂ ಸೇರಿಸಿ ಟೈಪ್ ಮಾಡ್ತಾರೆ. ಕಮಾಂಡ್ ಯಾವಾಗ್ಲೂ ತನ್ನದೇ ಸಾಲಿನಲ್ಲಿ, ಒಂಟಿಯಾಗಿ ಇರಲಿ.

ಐದನೇದು ಕಣ್ಣಿಗೆ ಕಾಣದ್ದು. 'ಸಾಫ್ಟ್‌ವೇರ್' ಅಂತ ಸರಿಯಾಗಿ ಮೂಡೋಕೆ ಕನ್ನಡ ಟೈಪಿಂಗ್‌ನಲ್ಲಿ ಒಂದು ಅದೃಶ್ಯ ಅಕ್ಷರ ಹಾಕ್ತೀವಿ. ಅದು ಕಾಪಿ ಪೇಸ್ಟ್‌ನಲ್ಲಿ ಕಮಾಂಡ್ ಒಳಗೆ ನುಸುಳಿದರೆ, ನೋಡೋಕೆ ಎಲ್ಲಾ ಸರಿ, ಓಡಿಸಿದರೆ ಎರರ್. ವರ್ಡ್ ಪ್ರೊಸೆಸರ್‌ಗಳು ಎರಡು ಹೈಫನ್ ಸೇರಿಸಿ ಒಂದು ಉದ್ದ ಗೆರೆ ಮಾಡೋದು, ನೇರ ಉದ್ಧರಣ ಚಿಹ್ನೆಯನ್ನ ಬಾಗಿದ್ದು ಮಾಡೋದೂ ಇದೇ ಜಾತಿಯ ತೊಂದರೆ. ಹಾಗೇ ಕನ್ನಡ ಅಂಕಿಗಳು: ಶೆಲ್‌ಗೆ ೭ ಅಂದ್ರೆ 7 ಅಲ್ಲ. ಕಮಾಂಡ್‌ಗಳನ್ನ ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ಬರೆದು, ಅಲ್ಲಿಂದ ಕಾಪಿ ಮಾಡಿ ಓಡಿಸಿ ನೋಡಿ, ಆಮೇಲೆ ಕಳಿಸಿ.

ಒಂದು ಉದಾಹರಣೆ: ಉಬುಂಟುವಿನಲ್ಲಿ ಕನ್ನಡ ಟೈಪಿಂಗ್

ನಮ್ಮ ಕ್ಲಬ್‌ಗೆ ಹತ್ತಿರದ್ದೇ ಒಂದು ತಗೊಳ್ಳೋಣ. ಸಾಮಾನ್ಯವಾಗಿ ಸಿಗೋ ಸೂಚನೆ ಹೀಗಿರುತ್ತೆ: 'ಸೆಟ್ಟಿಂಗ್ಸ್‌ಗೆ ಹೋಗಿ ಕೀಬೋರ್ಡ್‌ನಲ್ಲಿ ಕನ್ನಡ ಆ್ಯಡ್ ಮಾಡಿ ಸೂಪರ್ ಸ್ಪೇಸ್ ಒತ್ತಿದ್ರೆ ಬರುತ್ತೆ.'

ಯಾವ ಆವೃತ್ತಿ? ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಕನ್ನಡ ಇದೆ, ಯಾವುದು? ಸೂಪರ್ ಅನ್ನೋ ಕೀ ಎಲ್ಲಿದೆ? ಎರಡನ್ನೂ ಒಟ್ಟಿಗೆ ಒತ್ತಬೇಕಾ, ಒಂದಾದ ಮೇಲೊಂದಾ? ಬಂತು ಅಂತ ಹೇಗೆ ಗೊತ್ತಾಗುತ್ತೆ? ಒಂದಕ್ಕೂ ಉತ್ತರ ಇಲ್ಲ. ಅದನ್ನೇ ಹೀಗೆ ಬರೆಯಬಹುದು:

ಕೆಲಸ: ಕೆ. ಪಿ. ರಾವ್ ವಿನ್ಯಾಸದಲ್ಲಿ, ಅಂದ್ರೆ ನುಡಿಯಲ್ಲಿ ಬಳಸೋ ರೀತಿಯಲ್ಲಿ, ಕನ್ನಡ ಟೈಪ್ ಮಾಡೋದು.
ಯಾರಿಗೆ: ಉಬುಂಟು 24.04, ಮೆನುಗಳು ಇಂಗ್ಲಿಷಿನಲ್ಲಿ ಇರುವವರಿಗೆ.
ಅಪಾಯ: ಇಲ್ಲ. ಯಾವ ಫೈಲೂ ಅಳಿಸಿಹೋಗಲ್ಲ. ಇಂಗ್ಲಿಷ್ ಟೈಪಿಂಗ್ ಹಾಗೇ ಇರುತ್ತೆ.

1. ಸೆಟ್ಟಿಂಗ್ಸ್ ತೆರೆಯಿರಿ.
2. ಎಡಗಡೆಯ ಪಟ್ಟಿಯಲ್ಲಿ 'ಕೀಬೋರ್ಡ್' ಕ್ಲಿಕ್ ಮಾಡಿ.
3. 'ಇನ್‌ಪುಟ್ ಸೋರ್ಸಸ್' ಕೆಳಗೆ ಪ್ಲಸ್ ಚಿಹ್ನೆ ಇರೋ ಸಾಲನ್ನು ಕ್ಲಿಕ್ ಮಾಡಿ. ಭಾಷೆಗಳ ಪಟ್ಟಿ ಕಾಣುತ್ತೆ.
4. ಪಟ್ಟಿಯಲ್ಲಿ ಕನ್ನಡ ಕಾಣದಿದ್ರೆ, ಕೊನೆಯಲ್ಲಿರೋ ಮೂರು ಚುಕ್ಕಿಗಳನ್ನು ಕ್ಲಿಕ್ ಮಾಡಿ. ಹುಡುಕೋ ಜಾಗದಲ್ಲಿ 'ಕನ್ನಡ' ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ.
5. 'ಕನ್ನಡ (ಕಗಪ, ಫೊನೆಟಿಕ್)' ಆಯ್ಕೆ ಮಾಡಿ. ಬರೀ 'ಕನ್ನಡ' ಅಂತ ಇರೋದು ಬೇರೆ ವಿನ್ಯಾಸ, ಅದು ಬೇಡ.
6. 'ಆ್ಯಡ್' ಕ್ಲಿಕ್ ಮಾಡಿ.
7. ಟೆಕ್ಸ್ಟ್ ಎಡಿಟರ್ ತೆರೆಯಿರಿ. ಕ್ಯಾಪ್ಸ್ ಲಾಕ್ ಆಫ್ ಇರಲಿ.
8. ಸೂಪರ್ ಕೀ (ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಚಿಹ್ನೆ ಇರೋ ಕೀ) ಒತ್ತಿ ಹಿಡಿದುಕೊಂಡೇ ಸ್ಪೇಸ್ ಬಾರನ್ನು ಒಂದು ಸಲ ಒತ್ತಿ. ಪರದೆಯ ಮೇಲಿನ ಪಟ್ಟಿಯಲ್ಲಿ ಭಾಷೆಯ ಗುರುತು ಬದಲಾಗುತ್ತೆ.
9. ಪರೀಕ್ಷೆ: ಕೆ, ಎನ್, ಎಫ್, ಎನ್, ಡಬ್ಲ್ಯು ಈ ಐದು ಕೀಗಳನ್ನು ಇದೇ ಕ್ರಮದಲ್ಲಿ ಒತ್ತಿ. 'ಕನ್ನಡ' ಅಂತ ಮೂಡಬೇಕು.

ಮೂಡದಿದ್ರೆ: ಇಂಗ್ಲಿಷ್ ಅಕ್ಷರವೇ ಬಂದ್ರೆ 8ನೇ ಹೆಜ್ಜೆ ಮತ್ತೆ ಮಾಡಿ. ಎನ್ ಒತ್ತಿದಾಗ 'ಲ' ಬಂದ್ರೆ ನೀವು ಆಯ್ಕೆ ಮಾಡಿರೋದು ಇನ್‌ಸ್ಕ್ರಿಪ್ಟ್ ವಿನ್ಯಾಸ, 3ನೇ ಹೆಜ್ಜೆಯಿಂದ ಮತ್ತೆ ಮಾಡಿ.
ಬೇಡ ಅನಿಸಿದ್ರೆ: 'ಇನ್‌ಪುಟ್ ಸೋರ್ಸಸ್' ಪಟ್ಟಿಯಲ್ಲೇ ಕನ್ನಡವನ್ನು ತೆಗೆಯಬಹುದು.

ಉದ್ದ ಆಯ್ತು ಅನ್ನಿಸುತ್ತಾ? ಒಂದು ಸಾಲಿನ ಸೂಚನೆಗೆ ಆಮೇಲೆ ಬರೋ ಇಪ್ಪತ್ತು 'ಅಣ್ಣಾ, ಬರ್ತಿಲ್ಲ' ಮೆಸೇಜ್ ಲೆಕ್ಕ ಹಾಕಿ. ಇಲ್ಲಿ ಮುಖ್ಯವಾದದ್ದು ಒಂಬತ್ತನೇ ಹೆಜ್ಜೆ. ಅದು 'ಆಗುತ್ತೆ' ಅಂತ ಆಶ್ವಾಸನೆ ಕೊಡಲ್ಲ, ಆಯ್ತಾ ಇಲ್ವಾ ಅಂತ ಓದೋನೇ ನೋಡ್ಕೊಳ್ಳೋ ಹಾಗೆ ಮಾಡುತ್ತೆ.

ಎಚ್ಚರಿಕೆ ಮೊದಲು, ಕಮಾಂಡ್ ಆಮೇಲೆ

ಎಚ್ಚರಿಕೆಯನ್ನ ಕಮಾಂಡ್‌ನ ಕೆಳಗೆ ಬರೆದರೆ, ಗುಂಡಿ ದಾಟಿದ ಮೇಲೆ 'ಮುಂದೆ ಗುಂಡಿ ಇದೆ' ಅನ್ನೋ ಬೋರ್ಡ್ ಹಾಕಿದ ಹಾಗೆ. ಕಮಾಂಡ್ ಕಂಡ ತಕ್ಷಣ ಕೈ ಕಾಪಿ ಮಾಡುತ್ತೆ, ಕೆಳಗಿನ ಸಾಲು ಯಾರೂ ಓದಲ್ಲ.

ಬೂಟ್ ಮಾಡೋ ಪೆನ್‌ಡ್ರೈವ್ ತಯಾರಿಸೋಕೆ ಬಳಸೋ 'ಡಿಡಿ' ಕಮಾಂಡ್ ನೋಡಿ. ಅದಕ್ಕೆ ಎರಡು ಮಾಹಿತಿ ಕೊಡ್ತೀವಿ: ಎಲ್ಲಿಂದ ಓದಬೇಕು, ಎಲ್ಲಿಗೆ ಬರೀಬೇಕು. ಎರಡನೇದ್ರಲ್ಲಿ ಪೆನ್‌ಡ್ರೈವ್ ಬದಲು ಹಾರ್ಡ್ ಡಿಸ್ಕಿನ ಹೆಸರು ಬಿದ್ರೆ, ಅದು 'ನಿಜವಾಗ್ಲೂನಾ?' ಅಂತ ಕೇಳಲ್ಲ. ಸೀದಾ ಬರೆದುಬಿಡುತ್ತೆ. ತಮಾಷೆಗೆ ಇದನ್ನ 'ಡಿಸ್ಕ್ ಡೆಸ್ಟ್ರಾಯರ್' ಅಂತಾರೆ. ಇನ್ನೊಂದು ವಿಷಯ, ಪೆನ್‌ಡ್ರೈವ್‌ನ ಹೆಸರು ಎಲ್ಲಾ ಮಶೀನಿನಲ್ಲೂ ಒಂದೇ ಇರಲ್ಲ. ನಿಮ್ಮಲ್ಲಿ ಕೊನೆಗೆ 'ಬಿ' ಇದ್ರೆ ಅವರಲ್ಲಿ ಅದೇ 'ಬಿ' ಹಾರ್ಡ್ ಡಿಸ್ಕ್ ಆಗಿರಬಹುದು. ಹಾಗಾಗಿ ಇಂಥ ಕಮಾಂಡ್‌ನಲ್ಲಿ ನಿಮ್ಮ ಮಶೀನಿನ ಹೆಸರನ್ನ ಹಾಗೇ ಬರೀಬೇಡಿ. ಆ ಜಾಗದಲ್ಲಿ 'ನಿಮ್ಮ ಪೆನ್‌ಡ್ರೈವ್ ಹೆಸರು' ಅಂತ ಬಿಡಿ. ಹಾಗೇ ಕಾಪಿ ಮಾಡಿದರೆ ಕಮಾಂಡ್ ಓಡಲ್ಲ, ಯಾವ ಡಿಸ್ಕೂ ಹಾಳಾಗಲ್ಲ. ಅದಕ್ಕೂ ಮುಂಚೆ ಹೆಜ್ಜೆ ಹೀಗಿರಲಿ: ಪೆನ್‌ಡ್ರೈವ್ ಹಾಕೋ ಮುಂಚೆ ಒಂದು ಸಲ, ಹಾಕಿದ ಮೇಲೆ ಒಂದು ಸಲ ಡಿಸ್ಕ್‌ಗಳ ಪಟ್ಟಿ ತೆಗೀರಿ. ಹೊಸದಾಗಿ ಬಂದ ಹೆಸರೇ ಪೆನ್‌ಡ್ರೈವ್. ಅದರ ಜಿಬಿ ಲೆಕ್ಕವೂ ತಾಳೆ ಆಗ್ತಿದ್ಯಾ ನೋಡಿ. ಆಗಲಿಲ್ಲ ಅಂದ್ರೆ ನಿಲ್ಲಿಸಿ.

ಸಣ್ಣ ಸಣ್ಣ ಭಯಗಳನ್ನೂ ಮೊದಲೇ ಹೇಳಿಬಿಡಿ. ಟರ್ಮಿನಲ್ ಪಾಸ್‌ವರ್ಡ್ ಕೇಳಿದಾಗ ಹಲವು ವ್ಯವಸ್ಥೆಗಳಲ್ಲಿ ಟೈಪ್ ಮಾಡಿದ್ದು ಪರದೆಯಲ್ಲಿ ಕಾಣಲ್ಲ, ನಕ್ಷತ್ರದ ಗುರುತೂ ಬರಲ್ಲ. ಹೊಸಬರು ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ತಾರೆ. 'ಏನೂ ಕಾಣಲ್ಲ, ಅದು ಸರಿಯೇ, ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ' ಅನ್ನೋ ಒಂದು ಸಾಲು ಅರ್ಧ ಗಂಟೆ ಉಳಿಸುತ್ತೆ. ಇನ್ನು 'ಸುಲಭವಾಗಿ', 'ಸುಮ್ನೆ', 'ಅಷ್ಟೇ' ಅನ್ನೋ ಪದಗಳನ್ನ ತೆಗೆದುಹಾಕಿ. ಆಗದವನಿಗೆ ಅವು ಸಹಾಯ ಮಾಡಲ್ಲ, ಚುಚ್ಚುತ್ತವೆ.

ಕೈ ಕಟ್ಟಿ ಕೂತು ನೋಡಿ

ಬರೆದಾಯ್ತು. ಸರಿ ಇದ್ಯಾ ಅಂತ ಹೇಗೆ ಗೊತ್ತಾಗುತ್ತೆ? ನಿಮ್ಮ ಮಶೀನಿನಲ್ಲಿ ಓಡಿದ್ದು ಸಾಲದು. ನಿಮ್ಮಲ್ಲಿ ಆಗಲೇ ಹತ್ತು ಪ್ಯಾಕೇಜ್ ಇರುತ್ತೆ, ಅವನ್ನ ಯಾವಾಗ ಹಾಕಿದ್ರಿ ಅಂತ ನಿಮಗೇ ಮರೆತಿರುತ್ತೆ. ಮೊದಲು ಒಂದು ವರ್ಚುವಲ್ ಮಶೀನಿನಲ್ಲಿ ಹೊಸದಾಗಿ ಉಬುಂಟು ಹಾಕಿ, ಬರೆದದ್ದನ್ನ ಮಾತ್ರ ನೋಡ್ಕೊಂಡು ಮಾಡಿ.

ಆಮೇಲೆ ಬೇರೆ ಬ್ರ್ಯಾಂಚಿನ, ಲಿನಕ್ಸ್ ಮುಟ್ಟದ ಒಬ್ಬರನ್ನ ಕರೀರಿ. ಸಿವಿಲ್‌ನವರು, ಬಯೋಟೆಕ್‌ನವರು ಯಾರಾದ್ರೂ ಸರಿ. ವರ್ಚುವಲ್ ಮಶೀನನ್ನೇ ಅವರ ಮುಂದೆ ಇಡಿ, ಅವರ ಸ್ವಂತ ಲ್ಯಾಪ್‌ಟಾಪ್ ಬೇಡ. ಸೂಚನೆ ಕೊಟ್ಟು ಪಕ್ಕದಲ್ಲಿ ಕೈ ಕಟ್ಟಿ ಕೂತ್ಕೊಳ್ಳಿ. ಮಾತಾಡ್ಬೇಡಿ, ಮೌಸ್ ಕಿತ್ಕೋಬೇಡಿ. ಅವರು ಎಲ್ಲಿ ನಿಂತರು, ಎಲ್ಲಿ ಎರಡನೇ ಸಲ ಓದಿದರು, ಎಲ್ಲಿ ನಿಮ್ಮ ಮುಖ ನೋಡಿದರು ಅಂತ ಬರ್ಕೊಳ್ಳಿ. ಅವರು ನಿಮ್ಮ ಮುಖ ನೋಡಿದ ಜಾಗದಲ್ಲೆಲ್ಲಾ ಒಂದೊಂದು ಸಾಲು ಬಿಟ್ಟುಹೋಗಿದೆ ಅಂತ ಅರ್ಥ.

ಕೊನೆಗೆ, ಗೊತ್ತಿರೋ ಕೊರತೆಗಳನ್ನ ಮುಚ್ಚಿಡಬೇಡಿ. 1971ರ ನವೆಂಬರ್ 3ರ ತಾರೀಖು ಹೊತ್ತ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಕಮಾಂಡ್‌ಗಳ ವಿವರದ ಜೊತೆಗೇ 'ಬಗ್ಸ್' ಅನ್ನೋ ವಿಭಾಗವನ್ನೂ ಇಟ್ಟಿದ್ದರು. ವ್ಯವಸ್ಥೆ ಕಟ್ಟಿದೋರೇ 'ಇಲ್ಲಿ ಇದು ಸರಿ ಇಲ್ಲ' ಅಂತ ಅಚ್ಚು ಹಾಕಿಸಿದರು. ಆ ವಿಭಾಗ ಇವತ್ತಿನ ಕೈಪಿಡಿ ಪುಟಗಳಲ್ಲೂ ಉಳ್ಕೊಂಡಿದೆ. ನಮ್ಮ ಎಂಟು ಸಾಲಿನ ಮೆಸೇಜಿಗೂ ಅಷ್ಟು ಪ್ರಾಮಾಣಿಕತೆ ಸಾಧ್ಯ: 'ಉಬುಂಟು 24.04ರಲ್ಲಿ ಮಾತ್ರ ಪರೀಕ್ಷೆ ಮಾಡಿದೆ. ಬೇರೆ ಕಡೆ ಓಡಿಸಿಲ್ಲ.'

ಈ ಸೆಮಿಸ್ಟರ್ ನಿಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಓಡಾಡ್ತಿರೋ ಒಂದು ಸೂಚನೆ ಆರಿಸ್ಕೊಳ್ಳಿ. ಮೇಲೆ ಆವೃತ್ತಿ, ತಾರೀಖು, ಅಪಾಯ ಬರೀರಿ. ಹೆಜ್ಜೆಗಳನ್ನ ಬಿಡಿಸಿ. ಕೊನೆಗೆ ಒಂದು ಪರೀಕ್ಷೆ ಸೇರಿಸಿ. ಓಡಿಸಿ ನೋಡಿ, ಮತ್ತೆ ಅದೇ ಗ್ರೂಪಿಗೆ ಹಾಕಿ. ಮುಂದಿನ ವರ್ಷ ರಾತ್ರಿ ಹನ್ನೊಂದಕ್ಕೆ ಅದನ್ನ ತೆರೆಯೋ ಫಸ್ಟ್ ಇಯರ್ ಹುಡುಗಿಗೆ ನಿಮ್ಮ ಹೆಸರು ಗೊತ್ತಿರಲ್ಲ. ಆದರೆ ಅವಳ ಪ್ರೋಗ್ರಾಂ ಓಡುತ್ತೆ, ಫೋಟೋಗಳು ಇದ್ದಲ್ಲೇ ಇರುತ್ತವೆ.